ಕೆಂಪು ಇಳಿದರೆ ಕಣ್ಣು ಗುಣವಾದಂತೆಯೇ?

ಕರಾವಳಿಯಲ್ಲಿ ಮಳೆಗಾಲದ ಜೊತೆಗೆ ಕಣ್ಣು ಕೆಂಪಾಗುವ ಕಾಯಿಲೆಯೂ ಬರುತ್ತದೆ. ಮದ್ರಾಸ್ ಐ ಎಂದು ನಾವೆಲ್ಲ ಕರೆಯುವ ಕಾಯಿಲೆ ಅದು. 2023ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರಾಜ್ಯದ ತುಂಬ ಅದು ಹರಡಿದ್ದು ನಿಮಗೆ ನೆನಪಿರಬಹುದು. ಅಂಥ ದಿನಗಳಲ್ಲಿ ಜನ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಮಂಗಳೂರಿನ ಹಂಪನಕಟ್ಟೆಯಿರಲಿ, ಕಂಕನಾಡಿಯಿರಲಿ, ಸುರತ್ಕಲ್ ಇರಲಿ, ನಾಲ್ಕು ಹೆಜ್ಜೆಗೊಂದು ಮೆಡಿಕಲ್ ಇದೆ. ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ ಎಂದರೆ ಮುಗಿಯಿತು. ಎರಡು ದಿನ ಹಾಕಿದರೆ ಕೆಂಪು ಇಳಿಯುತ್ತದೆ. ತುರಿಕೆ ನಿಲ್ಲುತ್ತದೆ. ಮದ್ದು ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮುಂದಿನ ಸಲ ಮನೆಯಲ್ಲಿ ಯಾರ ಕಣ್ಣು ಕೆಂಪಾದರೂ ಅದೇ ಬಾಟಲಿ ಹೊರಗೆ ಬರುತ್ತದೆ. ಈ ನಂಬಿಕೆಯನ್ನು ಇಂದು ನಾವು ಒರೆಗೆ ಹಚ್ಚಿ ನೋಡೋಣ. ನನ್ನ ವಾದ ಇಷ್ಟೇ. ಕಣ್ಣಿಗೆ ಬಿಡುವ ಮದ್ದುಗಳಲ್ಲಿ ಯಾವುದು ಬೇಗ ಹಾಯೆನಿಸುತ್ತದೋ ಅದರ ಮೇಲೆಯೇ ಹೆಚ್ಚಿನ ಕಾವಲು ಬೇಕು. ಏಕೆಂದರೆ ಹಾಯೆನಿಸುವುದು ಬೇರೆ, ಗುಣವಾಗುವುದು ಬೇರೆ. ಕೆಲವು ಸಲ ಒಂದು ಇನ್ನೊಂದನ್ನು ಮರೆಮಾಚುತ್ತದೆ.

ಮೊದಲು ಒಂದು ಹನಿ ಏನು ಮಾಡುತ್ತದೆ ಎಂದು ತಿಳಿಯೋಣ. ಕಣ್ಣಿಗೆ ಬಿಡುವ ಮದ್ದು ಹೊರಗಿನದು, ಮೈಗೆ ಹತ್ತುವುದಿಲ್ಲ ಎಂದು ಬಹಳ ಜನ ಭಾವಿಸಿದ್ದಾರೆ. ಅದು ನಿಜವಲ್ಲ. ಒಂದು ಮಿಲಿಲೀಟರಿನಲ್ಲಿ ಸುಮಾರು 20 ಹನಿಗಳಿರುತ್ತವೆ. ಅಂಥ ಒಂದು ಹನಿ ಪೂರ್ತಿಯಾಗಿ ನಿಲ್ಲುವಷ್ಟು ಜಾಗ ನಮ್ಮ ರೆಪ್ಪೆಗಳ ನಡುವೆ ಇಲ್ಲ. ಸ್ವಲ್ಪ ಕೆನ್ನೆಯ ಮೇಲೆ ಹರಿಯುತ್ತದೆ. ಬಹುಪಾಲು ಕಣ್ಣಿನ ಒಳಮೂಲೆಯ ಸಣ್ಣ ನಾಳದ ಮೂಲಕ ಮೂಗಿಗೆ ಇಳಿಯುತ್ತದೆ. ಮದ್ದು ಬಿಟ್ಟ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುವುದು ಇದರಿಂದಲೇ. ಮೂಗಿನ ಒಳಪದರ ಆ ಮದ್ದನ್ನು ಹೀರಿ ನೇರ ರಕ್ತಕ್ಕೆ ಕೊಡುತ್ತದೆ. ನುಂಗಿದ ಮಾತ್ರೆ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅದರ ಬಲ ಒಂದಿಷ್ಟು ಕುಗ್ಗುತ್ತದೆ. ಹನಿಗೆ ಆ ತಡೆಯೂ ಇಲ್ಲ. ಟಿಮೊಲಾಲ್ ಎಂಬ ಮದ್ದನ್ನು ಗಮನಿಸಿ. ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆಗೆ 1970ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಒಳ್ಳೆಯ ಮದ್ದು ಅದು. ಆದರೆ ಅದೇ ಹನಿ ಅಸ್ತಮಾ ಇದ್ದವರಲ್ಲಿ ಉಸಿರು ಕಟ್ಟಿಸಬಹುದು. ಕೆಲವರಲ್ಲಿ ನಾಡಿಬಡಿತವನ್ನು ತೀರ ನಿಧಾನಗೊಳಿಸಬಹುದು. ಕಣ್ಣಿನ ಮದ್ದಿಗೆ ಎದೆಯ ಕಾಯಿಲೆಯ ವಿಚಾರ ಯಾಕೆ ಹೇಳಬೇಕು ಎಂದು ರೋಗಿ ಸುಮ್ಮನಿದ್ದರೆ, ಆ ಮೌನವೇ ಅಪಾಯಕ್ಕೆ ದಾರಿ.

ಹಾಗಾದರೆ ಹನಿಯೂ ಮದ್ದೇ, ಅದು ಮೈಗೂ ತಲುಪುತ್ತದೆ. ಇಷ್ಟು ನೋಡಿದೆವು. ಈಗ ಬೇಗ ಹಾಯೆನಿಸುವ ಮದ್ದಿನ ಕಡೆ ಬರೋಣ. ಅದರ ಹೆಸರು ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಹೀಗೆ ಸೋನ್ ಅಥವಾ ಲೋನ್ ಎಂದು ಮುಗಿಯುವ ಹೆಸರುಗಳು ಸಾಮಾನ್ಯವಾಗಿ ಈ ಗುಂಪಿನವು. ಬಹಳ ಸಲ ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಒಂದೇ ಬಾಟಲಿಯಲ್ಲಿರುತ್ತವೆ. ಪರಿಚಿತ ಬ್ರಾಂಡಿನ ಹೆಸರಿಗೆ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಸೇರಿದ್ದರೆ ಒಳಗೆ ಸ್ಟೀರಾಯ್ಡ್ ಸೇರಿರಬಹುದು. ಕೆಂಪು, ಊತ, ನೋವು, ತುರಿಕೆ ಇವೆಲ್ಲ ನಮ್ಮ ದೇಹ ತೊಂದರೆಯ ವಿರುದ್ಧ ನಡೆಸುವ ಹೋರಾಟದ ಲಕ್ಷಣಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ತಗ್ಗಿಸುತ್ತದೆ. ಆದ್ದರಿಂದ ಕಾರಣ ಯಾವುದೇ ಇರಲಿ, ಕಣ್ಣು ಬೆಳ್ಳಗಾಗುತ್ತದೆ. ಇಲ್ಲಿ ಮೊದಲ ಅಪಾಯವಿದೆ. ನಮ್ಮ ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟುತ್ತದೆ, ಒಂದು ಸೂಕ್ಷ್ಮ ಜಾಲರಿಯ ಮೂಲಕ ಹೊರಗೆ ಹರಿದು ಹೋಗುತ್ತದೆ. ಸ್ಟೀರಾಯ್ಡ್ ಹೆಚ್ಚು ದಿನ ಬಿದ್ದರೆ ಕೆಲವರಲ್ಲಿ ಆ ಜಾಲರಿ ಕಟ್ಟಿಕೊಳ್ಳುತ್ತದೆ. ತೋಡಿನ ಬಾಯಿಗೆ ಕಸ ಕಟ್ಟಿದರೆ ಮಳೆನೀರು ಹಿತ್ತಿಲಿಗೆ ಏರುವ ಹಾಗೆ ಕಣ್ಣಿನ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರುತ್ತದೆ. 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಬೆಕರ್ ಮತ್ತು ಮನ್ಸೂರ್ ಅರ್ಮಲಿ ಎಂಬ ನೇತ್ರತಜ್ಞರು ಆರೋಗ್ಯವಂತರ ಕಣ್ಣಿಗೆ ಕೆಲವು ವಾರ ಸ್ಟೀರಾಯ್ಡ್ ಹನಿ ಹಾಕಿ ಅಳೆದು ನೋಡಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಒಂದಿಷ್ಟು ಏರಿತು. 100ಕ್ಕೆ 5 ಮಂದಿಗೆ ಅದು ಬಹಳವೇ ಏರಿತು. ಮೊದಲೇ ಗ್ಲಾಕೋಮಾ ಇದ್ದವರ ಕಣ್ಣಿಗೆ ಹಾಕಿದಾಗ ಹೆಚ್ಚುಕಡಿಮೆ ಎಲ್ಲರಿಗೂ ಏರಿತು. 100ಕ್ಕೆ 5 ಎಂದರೆ ಸಣ್ಣ ಸಂಖ್ಯೆಯಲ್ಲ. ಒಂದು ದೊಡ್ಡ ಶಾಲೆಯಲ್ಲಿ 1,000 ಮಕ್ಕಳಿದ್ದರೆ 50 ಮಕ್ಕಳು. ಆ 50 ಮಂದಿ ಯಾರು ಎಂದು ಮುಖ ನೋಡಿ ಹೇಳಲು ಯಾರಿಂದಲೂ ಆಗದು. ಒತ್ತಡ ಅಳೆದೇ ತಿಳಿಯಬೇಕು.

ಸ್ಟೀರಾಯ್ಡ್ ಒತ್ತಡ ಏರಿಸಬಲ್ಲದು, ಯಾರಿಗೆ ಎಂದು ಮೊದಲೇ ಹೇಳಲಾಗದು. ಇದು ಮೊದಲ ಮಾತು. ಇದಕ್ಕೆ ಹೊಂದಿಕೊಂಡ ಎರಡನೆಯ ಮಾತು ಇನ್ನೂ ಗಂಭೀರ. ಹೀಗೆ ಏರಿದ ಒತ್ತಡ ಸಾಮಾನ್ಯವಾಗಿ ನೋಯಿಸುವುದಿಲ್ಲ. ಕಣ್ಣು ಕೆಂಪಾಗುವುದೂ ಇಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಮೊದಲು ಪಕ್ಕದ ನೋಟ ಹೋಗುತ್ತದೆ. ನೇರ ನೋಟ ಕೊನೆಯವರೆಗೂ ಉಳಿಯುವುದರಿಂದ ರೋಗಿಗೆ ನಷ್ಟದ ಅರಿವಾಗುವುದಿಲ್ಲ. ಮದ್ದು ನಿಲ್ಲಿಸಿದರೆ ಬಹಳ ಮಂದಿಯಲ್ಲಿ ಒತ್ತಡ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಸತ್ತ ನರ ಮಾತ್ರ ಮರಳಿ ಬರುವುದಿಲ್ಲ. ಇದೇ ಮದ್ದು ಕಣ್ಣಿನ ಮಸೂರದ ಹಿಂಭಾಗದಲ್ಲಿ ಪೊರೆಯನ್ನೂ ಕಟ್ಟಿಸಬಲ್ಲದು. ಪೊರೆಗೆ ಶಸ್ತ್ರಚಿಕಿತ್ಸೆ ಇದೆ. ನರಕ್ಕೆ ಇಲ್ಲ. ಈ ಹೊಡೆತ ಹೆಚ್ಚು ಬೀಳುವುದು ಮಕ್ಕಳ ಮೇಲೆ. ನಮ್ಮಂಥ ಸೆಕೆಯ ಪ್ರದೇಶಗಳಲ್ಲಿ 5ರಿಂದ 15 ವರ್ಷದ ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ಕಣ್ಣಿನ ಅಲರ್ಜಿ ಸಾಮಾನ್ಯ. ಮಗು ದಿನವಿಡೀ ಕಣ್ಣು ಉಜ್ಜುತ್ತದೆ. ನೂಲಿನಂಥ ಅಂಟು ಪಿಸುರು ಬರುತ್ತದೆ. ವರ್ಷ ವರ್ಷವೂ ಮರುಕಳಿಸುತ್ತದೆ. ವೈದ್ಯರು ಒಮ್ಮೆ ಎರಡು ವಾರಕ್ಕೆಂದು ಸ್ಟೀರಾಯ್ಡ್ ಬರೆದಿರುತ್ತಾರೆ. ಮಗುವಿಗೆ ಹಾಯೆನಿಸುತ್ತದೆ. ಆಮೇಲೆ ತುರಿಕೆ ಬಂದಾಗಲೆಲ್ಲ ಅದೇ ಹಳೆಯ ಚೀಟಿ ತೋರಿಸಿ, ಚೀಟಿ ಇಲ್ಲದಿದ್ದರೆ ಖಾಲಿ ಬಾಟಲಿ ತೋರಿಸಿ, ಮತ್ತೆ ಮತ್ತೆ ತರುತ್ತಾರೆ. ತಂದೆತಾಯಿಯ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಆದರೂ ತಿಂಗಳುಗಟ್ಟಲೆ ಬಿದ್ದ ಆ ಹನಿ ಮಗುವಿನ ದೃಷ್ಟಿಯನ್ನು ಜೀವಮಾನಕ್ಕೆ ಕುಗ್ಗಿಸಬಹುದು. ಭಾರತದ ಮಕ್ಕಳಲ್ಲಿ ಸ್ಟೀರಾಯ್ಡಿನಿಂದ ಬರುವ ಗ್ಲಾಕೋಮಾಕ್ಕೆ ಈ ಅಲರ್ಜಿಯ ಚಿಕಿತ್ಸೆಯೇ ಒಂದು ಮುಖ್ಯ ಕಾರಣ ಎಂದು ನೇತ್ರವೈದ್ಯರು ಪದೇಪದೇ ದಾಖಲಿಸಿದ್ದಾರೆ. ಇಂದು ಅಲರ್ಜಿಗೆ ಓಲೋಪಟಡಿನ್ ತರಹದ ಹನಿಗಳಿವೆ. ಬಿಡದೆ ಕಾಡುವ ಅಲರ್ಜಿಗೆ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಇವೆ. ಇವು ಕಣ್ಣಿನ ಒತ್ತಡ ಏರಿಸುವುದಿಲ್ಲ. ತಣ್ಣೀರಿನ ಬಟ್ಟೆ ಇಡುವುದೂ ಸಹಾಯ ಮಾಡುತ್ತದೆ.

ಇಷ್ಟು ಹೊತ್ತು ಹೆಚ್ಚು ದಿನ ಬಳಸಿದರೆ ಆಗುವ ಹಾನಿಯನ್ನು ಕೇಳಿದಿರಿ. ಸ್ವಲ್ಪವೇ ದಿನ ಬಳಸಿದರೆ ತೊಂದರೆಯಿಲ್ಲವಲ್ಲ ಎಂದು ನೀವು ಕೇಳಬಹುದು. ಇದೆ. ಅದು ಸೋಂಕಿನ ಅಪಾಯ. ದಕ್ಷಿಣ ಕನ್ನಡ ಗದ್ದೆ ಮತ್ತು ಅಡಿಕೆ ತೋಟಗಳ ಜಿಲ್ಲೆ. ಭತ್ತ ಬಡಿಯುವಾಗ ಹೊಟ್ಟು ಹಾರಿ ಕಣ್ಣಿಗೆ ತಾಗುತ್ತದೆ. ತೋಟದಲ್ಲಿ ಸೋಗೆಯ ಅಂಚು ಗೀರುತ್ತದೆ. ಕರಿಗುಡ್ಡೆಯ ಮೇಲೆ ಗಾಜಿನಂಥ ಒಂದು ಪದರವಿದೆ. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದರ ಮೇಲೆ ಗೀರು ಬಿದ್ದರೆ ಗಿಡದ ಮೇಲಿರುವ ಶಿಲೀಂಧ್ರ, ಅಂದರೆ ಫಂಗಸ್, ಒಳಹೊಕ್ಕು ಹುಣ್ಣಾಗುತ್ತದೆ. ನಮ್ಮ ಸೆಕೆ ಮತ್ತು ತೇವ ಎರಡೂ ಫಂಗಸ್ಸಿಗೆ ಅನುಕೂಲ. ಈ ಹುಣ್ಣಿಗೆ ನಟಾಮೈಸಿನ್‌ನಂಥ ಬೇರೆಯೇ ಮದ್ದು ಬೇಕು. ಮೆಡಿಕಲ್ಲಿನಿಂದ ತಂದ ಸ್ಟೀರಾಯ್ಡ್ ಹನಿ ಹಾಕಿದರೆ ದೇಹದ ತಡೆಶಕ್ತಿ ಕುಗ್ಗುತ್ತದೆ. ಮೊದಲ ಎರಡು ದಿನ ಕೆಂಪು ಕಡಿಮೆಯಾದಂತೆ ತೋರುತ್ತದೆ. ಒಳಗೆ ಫಂಗಸ್ ಆಳಕ್ಕೆ ಇಳಿಯುತ್ತಿರುತ್ತದೆ. ಹರ್ಪಿಸ್ ವೈರಸ್ಸಿನಿಂದ ಆಗುವ ಹುಣ್ಣಿನ ಕತೆಯೂ ಹೀಗೆಯೇ. ಹುಣ್ಣು ಹರಡುತ್ತದೆ, ಬಿಳಿ ಕಲೆ ಉಳಿಯುತ್ತದೆ, ಕೆಲವು ಸಲ ಕಣ್ಣೇ ಹೋಗುತ್ತದೆ. ಇನ್ನು ಮದ್ರಾಸ್ ಐ ವಿಚಾರ. ಅದು ಬಹುಮಟ್ಟಿಗೆ ವೈರಸ್ಸಿನ ಕಾಯಿಲೆ. ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಸ್ಟೀರಾಯ್ಡ್ ಹಾಕಿದರೆ ವೈರಸ್ ಕಣ್ಣಿನಲ್ಲಿ ಇನ್ನಷ್ಟು ದಿನ ಉಳಿಯಬಹುದು. ಅಂದರೆ ಕಣ್ಣು ಬೆಳ್ಳಗಾದ ಮನುಷ್ಯ ವಾಸಿಯಾಯಿತೆಂದು ಕೆಲಸಕ್ಕೆ, ಶಾಲೆಗೆ ಹೋಗಿ ಕಾಯಿಲೆ ಹಂಚುವ ಸಂಭವವಿದೆ.

ಸ್ಟೀರಾಯ್ಡಿನ ವಿಚಾರ ಒಟ್ಟಾರೆ ಹೀಗಿದೆ: ಹೆಚ್ಚು ದಿನ ಬಿಟ್ಟರೆ ನರಕ್ಕೆ ಅಪಾಯ, ತಪ್ಪು ಕಾಯಿಲೆಗೆ ಬಿಟ್ಟರೆ ಒಂದೆರಡು ವಾರದಲ್ಲೇ ಅಪಾಯ. ಬೇಗ ಹಾಯೆನಿಸುವ ಇನ್ನೂ ಎರಡು ಬಗೆಯ ಹನಿಗಳಿವೆ. ಒಂದು ಮರಗಟ್ಟಿಸುವ ಹನಿ. ಕಣ್ಣಿನ ಪರೀಕ್ಷೆಗೆ, ಕಸ ತೆಗೆಯಲು ವೈದ್ಯರು ಬಳಸುವ ಪ್ರೊಪರಕೇನ್ ಅಂಥದ್ದು. ವೆಲ್ಡಿಂಗ್ ಮಾಡುವವರಿಗೆ ರಾತ್ರಿ ಕಣ್ಣು ಉರಿದು ನೀರು ಸುರಿಯುತ್ತದೆ. ಬೈಕಂಪಾಡಿಯ ಕಾರ್ಖಾನೆಗಳಲ್ಲಿ, ಬಂದರಿನ ದೋಣಿ ದುರಸ್ತಿಯ ಕಡೆ ವೆಲ್ಡಿಂಗ್ ದಿನದ ಕೆಲಸ. ಈ ಹನಿ ಬಿದ್ದರೆ ನೋವು ಅರ್ಧ ನಿಮಿಷದಲ್ಲಿ ಮಾಯ. ಆದರೆ ಮನೆಯಲ್ಲಿ ಮತ್ತೆ ಮತ್ತೆ ಹಾಕಿದರೆ ಕಾರ್ನಿಯಾದ ಗಾಯ ಮಾಯುವುದೇ ಇಲ್ಲ, ಪದರ ಕರಗುತ್ತ ಹೋಗುತ್ತದೆ. ಆದ್ದರಿಂದಲೇ ವೈದ್ಯರು ಇದನ್ನು ರೋಗಿಯ ಕೈಗೆ ಕೊಡುವುದಿಲ್ಲ. ಇನ್ನೊಂದು ಕೆಂಪು ತೆಗೆಯುವ ಹನಿ. ನಫಜೋಲಿನ್‌ನಂಥ ಮದ್ದು ಕಣ್ಣಿನ ರಕ್ತನಾಳಗಳನ್ನು ಕುಗ್ಗಿಸಿ ಬೆಳ್ಳಗೆ ಕಾಣಿಸುತ್ತದೆ. ಕಾಯಿಲೆ ಇದ್ದಲ್ಲೇ ಇರುತ್ತದೆ. ದಿನವೂ ಹಾಕುತ್ತ ಹೋದರೆ, ಹನಿಯ ಪ್ರಭಾವ ಇಳಿದಾಗ ಕಣ್ಣು ಮೊದಲಿಗಿಂತ ಹೆಚ್ಚು ಕೆಂಪಾಗುತ್ತದೆ. ಆ ಕೆಂಪಿಗೆ ಮತ್ತೆ ಅದೇ ಹನಿ. ಮೂರು ಬಗೆಯ ಮದ್ದುಗಳಲ್ಲೂ ಒಂದೇ ಪಾಠ ಇದೆ. ಹನಿ ಲಕ್ಷಣವನ್ನು ಅಳಿಸಿತು, ನಾವು ಅದನ್ನು ವಾಸಿ ಎಂದು ತಿಳಿದೆವು.

ಇನ್ನು ಇದಕ್ಕೆ ಬರುವ ಆಕ್ಷೇಪಗಳನ್ನು ನೋಡೋಣ. ಮೊದಲನೆಯದು, ಸ್ಟೀರಾಯ್ಡ್ ಇಷ್ಟು ಅಪಾಯಕರವಾದರೆ ವೈದ್ಯರೇ ಯಾಕೆ ಬರೆಯುತ್ತಾರೆ? ನ್ಯಾಯವಾದ ಪ್ರಶ್ನೆ. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಸ್ಟೀರಾಯ್ಡ್ ಹನಿ ಬೇಕು. ಕಣ್ಣಿನ ಒಳಗೇ ಉರಿಯೂತ ಬಂದಾಗ ಅದು ದೃಷ್ಟಿಯನ್ನು ಕಾಪಾಡುತ್ತದೆ. ಬದಲಿಸಿದ ಕಾರ್ನಿಯಾವನ್ನು ದೇಹ ತಳ್ಳಿಹಾಕದಂತೆ ತಡೆಯುವುದೂ ಅದೇ. ಸ್ಟೀರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ವೈದ್ಯರು ಬರೆಯುವ ಮುಂಚೆ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೋಡುತ್ತಾರೆ. ಹುಣ್ಣು ಇದೆಯೇ ಎಂದು ಬಣ್ಣ ಹಾಕಿ ಪರೀಕ್ಷಿಸುತ್ತಾರೆ. ಒತ್ತಡ ಅಳೆಯುತ್ತಾರೆ. ದಿನಕ್ಕೆ ಆರು ಹನಿ, ಆಮೇಲೆ ನಾಲ್ಕು, ಆಮೇಲೆ ಎರಡು ಎಂದು ಇಳಿಸುತ್ತಾರೆ. ಮತ್ತೆ ಬರಲು ದಿನಾಂಕ ಕೊಡುತ್ತಾರೆ. ಆ ಕಾವಲು ಇದ್ದರೆ ಅದು ಚಿಕಿತ್ಸೆ. ಅದೇ ಬಾಟಲಿ ಅಕ್ಕನಿಂದ ತಂಗಿಗೆ, ಅಜ್ಜನಿಂದ ಮೊಮ್ಮಗನಿಗೆ ದಾಟಿದರೆ ಕಾವಲು ಹಿಂದೆ ಉಳಿಯುತ್ತದೆ, ಮದ್ದು ಮಾತ್ರ ಮುಂದೆ ಹೋಗುತ್ತದೆ. ಇಲ್ಲಿ ವೈದ್ಯರಾದ ನಮಗೆ ನಾವೇ ಒಂದು ಮಾತು ಹೇಳಿಕೊಳ್ಳಬೇಕು. ಹೊರರೋಗಿಗಳ ನೂಕುನುಗ್ಗಲಿನಲ್ಲಿ ಹನಿ ಯಾವಾಗ ಶುರು ಎಂದು ಬರೆಯುತ್ತೇವೆ, ಯಾವಾಗ ನಿಲ್ಲಿಸಬೇಕು ಎಂದು ದಪ್ಪಕ್ಷರದಲ್ಲಿ ಬರೆಯುವುದು ತಪ್ಪುತ್ತದೆ. ನಿಲ್ಲಿಸುವ ದಿನ ಬರೆಯದ ಚೀಟಿ ಅರ್ಧ ಚೀಟಿ.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ವೈದ್ಯರ ಬಳಿಗೆ ಹೋಗಲು ದುಡ್ಡು ಬೇಕು, ದಿನ ಬೇಕು. ಬಂದರಿನ ಧಕ್ಕೆಯಲ್ಲಿ ದುಡಿಯುವವರಿಗೆ, ಬೀಡಿ ಕಟ್ಟುವ ಹೆಂಗಸರಿಗೆ ಒಂದು ದಿನದ ಕೂಲಿ ಹೋಗುವುದು ಸಣ್ಣ ವಿಚಾರವಲ್ಲ. ಇದನ್ನು ಒಪ್ಪಲೇಬೇಕು. ಆದರೆ ಮಂಗಳೂರಿನಷ್ಟು ಅನುಕೂಲ ಬಹಳ ಊರುಗಳಿಗೆ ಇಲ್ಲ. ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಊರಿನ ನಡುವೆಯೇ ಇದೆ. ಕಂಕನಾಡಿಯಿಂದ ದೇರಳಕಟ್ಟೆಯವರೆಗೆ ಹಲವು ಮೆಡಿಕಲ್ ಕಾಲೇಜುಗಳಿವೆ. ಕಾಸರಗೋಡಿನಿಂದಲೂ ಜನ ಇಲ್ಲಿಗೆ ಬರುತ್ತಾರೆ. ಕಣ್ಣಿನ ಒತ್ತಡ ಅಳೆಯಲು ಬೇಕಾಗುವುದು ಕೆಲವೇ ನಿಮಿಷ. ಒಂದು ದಿನದ ಕೂಲಿಯನ್ನು ಉಳಿಸಲು ಹೋಗಿ ದುಡಿಯುವ ಕಣ್ಣನ್ನೇ ಕಳೆದುಕೊಂಡರೆ ನಷ್ಟ ಬಡವನಿಗೇ ಹೆಚ್ಚು. ಮೆಡಿಕಲ್ ಶಾಪಿನವರ ಪಾತ್ರವೂ ಇಲ್ಲಿ ದೊಡ್ಡದು. 1945ರ ಔಷಧ ನಿಯಮಗಳ ಪ್ರಕಾರ ಷೆಡ್ಯೂಲ್ ಎಚ್ ಪಟ್ಟಿಯ ಮದ್ದುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು. ಕಣ್ಣಿನ ಸ್ಟೀರಾಯ್ಡ್ ಹನಿ ಚೀಟಿಯ ಮೇಲೆಯೇ ಕೊಡಬೇಕಾದ ಮದ್ದು. ಗಿರಾಕಿ ಬೇಸರಪಟ್ಟುಕೊಳ್ಳುತ್ತಾನೆ, ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಅಳುಕು ಅಂಗಡಿಯವರಿಗೆ ಇರುತ್ತದೆ. ಎಲ್ಲ ಅಂಗಡಿಗಳೂ ಒಂದೇ ಉತ್ತರ ಕೊಟ್ಟರೆ ಆ ಅಳುಕಿಗೆ ಜಾಗವಿರುವುದಿಲ್ಲ. ಚೀಟಿ ಎಲ್ಲಿ ಎಂದು ಕೇಳುವ ಫಾರ್ಮಸಿಸ್ಟ್ ನಿಮ್ಮ ಹಿತವನ್ನೇ ಬಯಸುತ್ತಾನೆ. ಅವನ ಮೇಲೆ ಸಿಟ್ಟಾಗಬೇಡಿ.

ವೈದ್ಯರು ಬರೆಯುವುದು ಯಾಕೆ, ವೈದ್ಯರ ಬಳಿ ಹೋಗುವುದು ಹೇಗೆ, ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದೆವು. ಮೂರನೆಯ ಪ್ರಶ್ನೆ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಇಷ್ಟೆಲ್ಲ ಅಡ್ಡಪರಿಣಾಮ ಇದ್ದರೆ ಗ್ಲಾಕೋಮಾದ ಹನಿಯನ್ನೂ ನಿಲ್ಲಿಸಿಬಿಡೋಣವೇ? ದಯವಿಟ್ಟು ನಿಲ್ಲಿಸಬೇಡಿ. ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲಿನವರಿಗೆ ಅದು ಇರುವುದೇ ಗೊತ್ತಿಲ್ಲ. ಗೊತ್ತಿದ್ದವರು ಮದ್ದು ನಿಲ್ಲಿಸಿದರೆ ದೃಷ್ಟಿ ಹೋಗುವ ಅಪಾಯ ದೊಡ್ಡದು. ಇಲ್ಲಿ ಒಂದು ವಿಚಿತ್ರ ಗಮನಿಸಿ. ಸ್ಟೀರಾಯ್ಡ್ ಹನಿ ಹಾಯೆನಿಸುತ್ತದೆ, ಆದ್ದರಿಂದ ಜನ ನಿಲ್ಲಿಸುವುದಿಲ್ಲ. ಗ್ಲಾಕೋಮಾ ಹನಿ ಉರಿಸುತ್ತದೆ, ಹಾಕಿದ್ದರಿಂದ ಏನೂ ಲಾಭ ಕಾಣುವುದಿಲ್ಲ, ಆದ್ದರಿಂದ ಜನ ನಿಲ್ಲಿಸಿಬಿಡುತ್ತಾರೆ. ಅನುಭವವನ್ನೇ ನಂಬಿದರೆ ಎರಡೂ ಕಡೆ ತಪ್ಪುತ್ತೇವೆ. ಲಟಾನೊಪ್ರೋಸ್ಟ್ ಎಂಬ ಹನಿಯಿಂದ ರೆಪ್ಪೆಗೂದಲು ಉದ್ದವಾಗಬಹುದು, ಕಣ್ಣಿನ ಸುತ್ತ ಚರ್ಮ ಕಪ್ಪಾಗಬಹುದು. ಬ್ರಿಮೊನಿಡಿನ್‌ನಿಂದ ಮಂಪರು, ಬಾಯಿ ಒಣಗುವುದು ಆಗಬಹುದು. ಅದನ್ನು ಎಳೆಯ ಮಕ್ಕಳಿಗೆ ಹಾಕಲೇಬಾರದು. ಹನಿ ಕೆಡದಂತೆ ಸೇರಿಸುವ ರಾಸಾಯನಿಕದಿಂದ ವರ್ಷಗಟ್ಟಲೆ ಬಳಸಿದವರ ಕಣ್ಣು ಒಣಗಬಹುದು. ಇವುಗಳಲ್ಲಿ ಯಾವುದಾದರೂ ಕಂಡರೆ ವೈದ್ಯರಿಗೆ ಹೇಳಿ. ಬೇರೆ ಹನಿ ಇದೆ. ನೀವಾಗಿಯೇ ನಿಲ್ಲಿಸುವುದು ಉತ್ತರವಲ್ಲ. ಹನಿ ಹಾಕುವ ಕ್ರಮದಿಂದಲೂ ಅಡ್ಡಪರಿಣಾಮ ತಗ್ಗುತ್ತದೆ. ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಂದೇ ಹನಿ ಬಿಡಿ. ಎರಡನೆಯ ಹನಿ ವ್ಯರ್ಥ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಮೂಗಿಗೆ ಇಳಿಯುವ ದಾರಿ ಮುಚ್ಚುತ್ತದೆ. ರಕ್ತಕ್ಕೆ ಸೇರುವ ಮದ್ದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಬೇರೊಂದು ಮದ್ದು ಇದ್ದರೆ ಐದು ನಿಮಿಷ ಬಿಟ್ಟು ಹಾಕಿ.

ಕೊನೆಯ ಆಕ್ಷೇಪ, ಇಂಗ್ಲಿಷ್ ಮದ್ದಿನ ಸಹವಾಸವೇ ಬೇಡ, ನಂದಿಬಟ್ಟಲಿನ ರಸವೋ ಎದೆಹಾಲೋ ಸಾಕಲ್ಲ ಎನ್ನುವುದು. ಇದರ ಹಿಂದೆ ಇರುವ ವಾತ್ಸಲ್ಯವನ್ನು ಗೌರವಿಸುತ್ತೇನೆ. ಆದರೆ ಗೀರು ಬಿದ್ದ ಕಣ್ಣು ಅತಿಸೂಕ್ಷ್ಮ. ಹಿತ್ತಿಲಿನ ಹೂವಿನ ಮೇಲೆ, ಹಿಂಡುವ ಬೆರಳಿನ ಮೇಲೆ ರೋಗಾಣುಗಳಿರುತ್ತವೆ. ಕಣ್ಣಿಗೆ ಬೀಳುವುದು ಯಾವುದೇ ಆಗಲಿ, ಅದು ರೋಗಾಣುಮುಕ್ತವಾಗಿರಬೇಕು. ಕಾರ್ಖಾನೆಯ ಮದ್ದಿಗೂ ಇದೇ ಅಳತೆ. 2023ರಲ್ಲಿ ತಮಿಳುನಾಡಿನ ಒಂದು ಕಂಪನಿ ತಯಾರಿಸಿ ಅಮೆರಿಕಕ್ಕೆ ಕಳಿಸಿದ ಕೃತಕ ಕಣ್ಣೀರಿನ ಹನಿಗಳಿಗೆ ಅಲ್ಲಿ ಹರಡಿದ ಬ್ಯಾಕ್ಟೀರಿಯಾ ಸೋಂಕಿನ ನಂಟು ಕಂಡಿತು. ಆ ಸೋಂಕು ಸುಮಾರು 80 ಮಂದಿಗೆ ತಗಲಿತ್ತು. 10ಕ್ಕೂ ಹೆಚ್ಚು ಜನ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು. ಬರಿಯ ಕಣ್ಣೀರಿನಂಥ ನೀರು ಕಲುಷಿತವಾದರೆ ಇಷ್ಟಾಗುತ್ತದೆ. ಆದ್ದರಿಂದಲೇ ನಮ್ಮ ದೇಶದ ನಿಯಮ ಪ್ರತಿ ಬಾಟಲಿಯ ಮೇಲೂ ಎರಡು ಎಚ್ಚರಿಕೆ ಬರೆಯಿಸಿದೆ. ತೆರೆದ ಮೇಲೆ ಒಂದು ತಿಂಗಳೊಳಗೆ ಬಳಸಿ ಎಂಬುದು ಒಂದು. ಬಾಟಲಿಯ ತುದಿ ಎಲ್ಲಿಯೂ ತಾಗದಿರಲಿ ಎಂಬುದು ಇನ್ನೊಂದು. ಅಕ್ಷರ ಬಹಳ ಸಣ್ಣದು. ಮನೆಯಲ್ಲಿ ಓದಬಲ್ಲ ಮಕ್ಕಳಿಂದ ಓದಿಸಿ.

ಕೇಳುಗರೇ, ಮಾತನ್ನು ಒಟ್ಟುಗೂಡಿಸುತ್ತೇನೆ. ಹನಿ ಪೂರ್ಣ ಪ್ರಮಾಣದ ಮದ್ದು. ಬೇಗ ಹಾಯೆನಿಸುವ ಹನಿ ಕಾಯಿಲೆಯನ್ನು ಮುಚ್ಚಿಡಬಹುದು. ಹಾಯೆನಿಸದ ಹನಿ ಕಣ್ಣನ್ನು ಉಳಿಸುತ್ತಿರಬಹುದು. ಆದ್ದರಿಂದ ನಿರ್ಧಾರ ನಮ್ಮ ಕಣ್ಣಿಗೆ ಅನಿಸಿದ್ದರ ಮೇಲೆ ನಿಲ್ಲಬಾರದು, ಪರೀಕ್ಷೆಯ ಮೇಲೆ ನಿಲ್ಲಬೇಕು. ಕಣ್ಣು ಕೆಂಪಾಗಿ ಜೊತೆಗೆ ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ, ಪೆಟ್ಟು ಬಿದ್ದಿದ್ದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ, ಅದೇ ದಿನ ಕಣ್ಣಿನ ವೈದ್ಯರನ್ನು ನೋಡಿ. ಚೀಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಸ್ಟೀರಾಯ್ಡ್ ಇದೆಯೇ? ಯಾವ ದಿನ ನಿಲ್ಲಿಸಬೇಕು? ಒತ್ತಡ ಯಾವಾಗ ಅಳೆಸಬೇಕು? ನಿಮಗೆ ಅಸ್ತಮಾ, ಹೃದಯದ ತೊಂದರೆ ಇದ್ದರೆ, ಮನೆತನದಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಕೇಳುವ ಮುಂಚೆಯೇ ಹೇಳಿ. ಇಂದು ಸಂಜೆ ಒಂದು ಕೆಲಸ ಮಾಡಿ. ಮನೆಯ ಕಪಾಟಿನಲ್ಲಿ, ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟಿರುವ ಹಳೆಯ ಕಣ್ಣಿನ ಹನಿಗಳನ್ನೆಲ್ಲ ಹೊರಗೆ ತೆಗೆಯಿರಿ. ತೆರೆದು ತಿಂಗಳು ಕಳೆದದ್ದನ್ನು ಎಸೆಯಿರಿ. ಯಾವ ಕಾಯಿಲೆಗೆ ತಂದದ್ದು ಎಂದು ನೆನಪಿಲ್ಲದ್ದನ್ನೂ ಎಸೆಯಿರಿ. ಮಗುವಿಗೆ ಹಳೆಯ ಚೀಟಿಯ ಹನಿ ಈಗಲೂ ನಡೆಯುತ್ತಿದ್ದರೆ, ಈ ವಾರವೇ ಒತ್ತಡ ಅಳೆಸಿ.